ಎಂಟು ತಂತಿ ಮ್ಯಾಂಡೊಲಿನ್‌ಗೆ ಯಾವ ಪಿಕಪ್? ಕೊರೆಯೋ ಹಾಗಿಲ್ಲ, ಬಜೆಟ್ 10 ಸಾವಿರ

ಒಂಟಿಕೊಪ್ಪಲ್_ಎಂಟುತಂತಿ
ಮೈಸೂರಿನ ಭಾವಗೀತೆ ತಂಡ. ಹಾರ್ಮೋನಿಯಂ, ತಬಲಾ, ಕೀಬೋರ್ಡ್, ಹಾಡೋರು ಇಬ್ಬರು, ಜೊತೆಗೆ ಮ್ಯಾಂಡೊಲಿನ್. ವಾದ್ಯ ಎ ಮಾದರಿ, ಎಫ್ ಆಕಾರದ ತೂತು, ಎತ್ತರ ಹೊಂದಿಸೋ ಚಕ್ರದ ಕುದುರೆ (ತಂತಿ ಎತ್ತಿ ಹಿಡಿಯೋ ಬ್ರಿಡ್ಜ್), ಫಾಸ್ಫರ್ ಬ್ರಾಂಜ್ ತಂತಿ 11ರಿಂದ 40. ಶ್ರುತಿ ಮಾಮೂಲಿ ಜಿ, ಡಿ, ಎ, ಇ. ಈಗ ಸ್ಟ್ಯಾಂಡ್ ಮೈಕಿನಲ್ಲೇ ನಡೀತಿದೆ. ಗಣೇಶನ ಪೆಂಡಾಲಿನಲ್ಲಿ ವಾಲ್ಯೂಮ್ ಏರಿಸಿದರೆ ಕುಂಯ್ಯೋ ಅನ್ನುತ್ತೆ, ಇಳಿಸಿದರೆ ತಬಲಾ ಒಂದೇ ಕೇಳೋದು. ತಂತಿಯ ಲೋಹದಿಂದ ಸದ್ದು ಹಿಡಿಯೋ ಮ್ಯಾಗ್ನೆಟ್, ಮರದ ಕಂಪನ ಹಿಡಿಯೋ ಪೀಜೋ, ವಾದ್ಯಕ್ಕೆ ಸಿಕ್ಕಿಸೋ ಕ್ಲಿಪ್ ಮೈಕ್, ಮೂರರಲ್ಲಿ ಯಾವುದು? ಮೈಗೆ ತೂತು ಕೊರೆಯೋದು ಬೇಡ. ಪ್ರಿಆಂಪ್ (ಸಿಗ್ನಲ್ ಎತ್ತಿ ಕೊಡೋ ಡಬ್ಬ) ಇಲ್ಲ, ನೇರ ಮಿಕ್ಸರ್‌ಗೆ ಹಾಕೋ ಯೋಚನೆ.

ಚಾಮುಂಡಿಪಾದ
ಕ್ಲಿಪ್ ಮೈಕ್. ಮರದ ನಾದ ಬೇಕಂದ್ರೆ ಬೇರೆ ದಾರಿ ಇಲ್ಲ.

ಶಾಮಿಯಾನ_ಸೌಂಡು
ಪೆಂಡಾಲಲ್ಲಿ ಕ್ಲಿಪ್ ಮೈಕಾ? ಬುಡಿ ಸಾರ್. ತಬಲಾ ಎರಡಡಿ ಪಕ್ಕದಲ್ಲಿ, ಮಾನಿಟರ್ ಕಾಲ ಬುಡದಲ್ಲಿ, ಮೇಲೆ ತಗಡಿನ ಸೂರು. ಕ್ಲಿಪ್ ಹಾಕುದ್ರೆ ಸ್ಟ್ಯಾಂಡ್ ಮೈಕಿಗಿಂತ ಒಂಚೂರು ಜಾಸ್ತಿ ಎತ್ತಬೋದು, ಅಷ್ಟೇ. ತಬಲಾ ಅದರೊಳಕ್ಕೂ ಬತ್ತದೆ. ಇವರಿಗೆ ಇರೋ ತೊಂದ್ರೆ ನಾದದ್ದಲ್ಲ, ಕೂಗೋದು.

ಚಾಮುಂಡಿಪಾದ
ಎಲ್ಲಾ ಕಾರ್ಯಕ್ರಮವೂ ಪೆಂಡಾಲಲ್ಲೇ ನಡೆಯುತ್ತಾ? ಕಲಾಮಂದಿರ, ಗಾನಭಾರತಿ ಥರದ ಒಳಾಂಗಣದಲ್ಲಿ ಕ್ಲಿಪ್ ಮೈಕಿಗೆ ಸಾಟಿ ಇಲ್ಲ. ಡಿಪಿಎ 4099 ಅನ್ನೋ ಮೈಕಿಗೆ ಮ್ಯಾಂಡೊಲಿನ್‌ಗೇ ಅಂತ ಬೇರೆ ಕ್ಲಿಪ್ ಸಿಗುತ್ತೆ, ಮೈಗೆ ಗಾಯ ಆಗಲ್ಲ. ಸೂಪರ್‌ಕಾರ್ಡಿಯಾಯ್ಡ್, ಅಂದ್ರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುತ್ತೆ. ಮಿಕ್ಸರಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಎಫ್ ತೂತಿಗೆ ನೇರ ಗುರಿ ಇಡಬೇಡಿ, ಗುಂಯ್ ಅನ್ನುತ್ತೆ. ತೂತಿಗೂ ಕುದುರೆಗೂ ನಡುವೆ, ಮರದಿಂದ ಐದಾರು ಸೆಂಟಿಮೀಟರ್ ಮೇಲೆ ಇರಲಿ.

ಸುಮ್ನೆಕೇಳುಗ
10 ಸಾವಿರದ ಬಜೆಟ್‌ಗೆ 4099 ಹೇಳ್ತಿದ್ದೀರಲ್ಲ ಸಾರ್, ಕ್ಲಿಪ್ ಮಾತ್ರ ಬರುತ್ತೇನೋ 😀

ಕಾಲುವೆದಂಡೆ
ನನ್ನ ಮತ ಮ್ಯಾಗ್ನೆಟ್‌ಗೆ. ಮ್ಯಾಂಡೊಲಿನ್ ವಿದ್ವಾನ್ ಯು. ಶ್ರೀನಿವಾಸ್ ಜೀವಮಾನವೆಲ್ಲ ನುಡಿಸಿದ್ದು ಮ್ಯಾಗ್ನೆಟಿಕ್ ಪಿಕಪ್‌ನಲ್ಲೇ. ಕೂಗೋ ಪ್ರಶ್ನೆಯೇ ಇಲ್ಲ. ಮೆಟ್ಟುಗಳು (ಫ್ರೆಟ್) ಮುಗಿಯೋ ಜಾಗದಲ್ಲಿ ತಂತಿ ಕೆಳಗೆ ಕೂರಿಸಿದರೆ ಆಯ್ತು.

ಬೀಟೆಮರ
ಹೋಲಿಕೆ ಸರಿ ಇಲ್ಲ. ಅವರದ್ದು ಗಟ್ಟಿ ಮೈಯ ಎಲೆಕ್ಟ್ರಿಕ್ ಮ್ಯಾಂಡೊಲಿನ್, ಐದು ಒಂಟಿ ತಂತಿ. ಒಳಗೆ ಪೊಳ್ಳೇ ಇಲ್ಲ, ಕೂಗೋದಾದರೂ ಹೇಗೆ? ಇಲ್ಲಿರೋದು ಪೊಳ್ಳು ಮೈ, ನಾಲ್ಕು ಜೋಡಿ ತಂತಿ.

ಅದಕ್ಕಿಂತ ದೊಡ್ಡ ತೊಡಕು ತಂತಿಯ ಲೋಹ. ಇ ಮತ್ತು ಎ ಬರೀ ಉಕ್ಕು. ಡಿ ಮತ್ತು ಜಿ ಉಕ್ಕಿನ ಎಳೆ ಮೇಲೆ ಕಂಚು ಸುತ್ತಿದ್ದು. ಕಂಚು ಅಯಸ್ಕಾಂತಕ್ಕೆ ಕಾಣೋದೇ ಇಲ್ಲ, ಒಳಗಿನ ಎಳೆ ಮಾತ್ರ ಕಾಣುತ್ತೆ. ಹಾಗಾಗಿ ಮೇಲಿನ ಎರಡು ಜೋಡಿ ಕಿರುಚುತ್ತೆ, ಕೆಳಗಿನ ಎರಡು ಬಡಕಲಾಗಿ ಕೇಳುತ್ತೆ. ಮ್ಯಾಗ್ನೆಟ್ಟೇ ಬೇಕಂದ್ರೆ ನಿಕಲ್, ಮೊನೆಲ್ ಅಥವಾ ಚಪ್ಪಟೆ ಸುತ್ತಿನ ಉಕ್ಕಿನ ತಂತಿಗೆ ಬದಲಾಗಬೇಕು. ಬದಲಾದ ಮೇಲೆ ಮೈಕಿಲ್ಲದೆ ನುಡಿಸುವಾಗಲೂ ವಾದ್ಯದ ದನಿ ಬೇರೆ ಆಗುತ್ತೆ, ಅದು ಒಪ್ಪಿಗೆ ಇದೆಯಾ ಕೇಳಿಕೊಳ್ಳಿ. ಜೊತೆಗೆ ತಂತಿಗೂ ಮುಂಬದಿ ಹಲಗೆಗೂ ನಡುವಿನ ಜಾಗ ಅಳೆದು ನೋಡಿ, ಗಿಟಾರಿಗೆ ಮಾಡಿದ ದಪ್ಪ ಪಿಕಪ್ ಅಲ್ಲಿ ಹಿಡಿಸಲ್ಲ.

ಕಾಲುವೆದಂಡೆ
ಒಂಟಿ ತಂತಿ ಅನ್ನೋದು ಮರೆತಿದ್ದೆ, ಒಪ್ಪಿದೆ. ಆದರೆ ನಿಕಲ್ ತಂತಿ ಹಾಕಿ ಮ್ಯಾಗ್ನೆಟ್ ಇಟ್ಟರೆ ಪೆಂಡಾಲಿಗೆ ಅದೇ ಗಟ್ಟಿ, ಇದು ಬದಲಾಗಲ್ಲ.

ಒಂಟಿಕೊಪ್ಪಲ್_ಎಂಟುತಂತಿ
ತಂತಿ ಬದಲಾಯಿಸೋಕೆ ಮನಸ್ಸಿಲ್ಲ. ಹಾಗಾದ್ರೆ ಪೀಜೋ. ವೀಣೆಗೆ ಅಂಟಿಸ್ತಾರಲ್ಲ, ಬಿಲ್ಲೆ ಥರದ ಕಾಂಟ್ಯಾಕ್ಟ್ ಪಿಕಪ್, ಅದನ್ನೇ ಅಂಟಿಸಿ ಮಿಕ್ಸರ್‌ಗೆ ಹಾಕಿದರೆ?

ಶಾಮಿಯಾನ_ಸೌಂಡು
ಹಾಕಿ, ತಗಡು ಡಬ್ಬ ಬಡ್ದಂಗೆ ಕೇಳ್ತದೆ. ಆಮೇಲೆ ಸೌಂಡ್‌ನೋನಿಗೆ ಬಯ್ಯದು.

ಮೆಗಾಓಂ_ಮಾವ
ತಗಡಿನ ಸದ್ದು ಯಾಕೆ ಬರುತ್ತೆ ಅಂತ ತಿಳಿದರೆ ಅರ್ಧ ದುಡ್ಡು ಉಳಿಯುತ್ತೆ, ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ.

ಪೀಜೋ ಬಿಲ್ಲೆ ವಿದ್ಯುತ್ ಲೆಕ್ಕದಲ್ಲಿ ಒಂದು ಕೆಪಾಸಿಟರ್. 27 ಮಿಲಿಮೀಟರಿನ ಹಿತ್ತಾಳೆ ಬಿಲ್ಲೆ ಸುಮಾರು 20 ನ್ಯಾನೊಫ್ಯಾರಡ್. ಅದು ಮಿಕ್ಸರಿನ ಇನ್‌ಪುಟ್ ರೆಸಿಸ್ಟೆನ್ಸ್ ಜೊತೆ ಸೇರಿದಾಗ ತಾನಾಗೇ ಬಾಸ್ ಕತ್ತರಿಸೋ ಫಿಲ್ಟರ್ ಆಗುತ್ತೆ. ಎಲ್ಲಿಂದ ಕತ್ತರಿಸುತ್ತೆ ಅನ್ನೋದಕ್ಕೆ ಸೂತ್ರ: 1 ಭಾಗಿಸು 2 ಪೈ ಆರ್ ಸಿ. ಲೈನ್ ಇನ್‌ಪುಟ್ 10 ಕಿಲೋಓಂ ಇದ್ದರೆ ಉತ್ತರ ಹತ್ತಿರ ಹತ್ತಿರ 800 ಹರ್ಟ್ಸ್. ಮ್ಯಾಂಡೊಲಿನ್‌ನ ಬಿಡಿ ತಂತಿಗಳು ಜಿ 196, ಡಿ 294, ಎ 440, ಇ 659. ಅಂದ್ರೆ ನಾಲ್ಕೂ ತಂತಿಯ ಮೂಲನಾದ ಆ ಗೆರೆಯ ಕೆಳಗೇ ಬಿತ್ತು. ಮೇಲೆ ಉಳಿಯೋದು ಪಿಕ್ ಬಡಿದ ಟಕಟಕ. ಅದೇ ತಗಡು.

ಅದೇ ಬಿಲ್ಲೆಯನ್ನ 1 ಮೆಗಾಓಂ ಇನ್‌ಪುಟ್‌ಗೆ ಹಾಕಿ. ಗೆರೆ 8 ಹರ್ಟ್ಸ್‌ಗೆ ಇಳಿಯುತ್ತೆ. ಬಿಲ್ಲೆ ಅದೇ, ವಾದ್ಯ ಅದೇ, ಕೈ ಅದೇ. ಪಿಕಪ್ ಕೆಟ್ಟದ್ದು ಅಂತ ಬಿಸಾಡಿದ ಎಷ್ಟೋ ಪೀಜೋಗಳ ಕಥೆ ಇಷ್ಟೇ.

ಕರಿಕಬ್ಬು
ಮ್ಯಾಂಡೊಲಿನ್‌ನಲ್ಲಿ ಬಾಸೇ ಇಲ್ವಲ್ಲ ಮಾವ, ಕತ್ತರಿಸಿದರೆ ಏನು ನಷ್ಟ? ಗಿಟಾರಿಗೆ ಬೇಕು ಇದೆಲ್ಲ.

ಮೆಗಾಓಂ_ಮಾವ
800 ಹರ್ಟ್ಸ್ ಅನ್ನೋದು ಬಾಸ್ ಅಲ್ಲ ಕಣಪ್ಪ, ಹಾಡಿನ ಹೊಟ್ಟೆಯೇ ಅಲ್ಲಿರೋದು.

ಇನ್ನೂ ಒಂದು. ಕುದುರೆಯ ಒಳಗೇ ಕೂರಿಸಿ ಬರೋ ಸಣ್ಣ ಪೀಜೋಗಳ ಕೆಪಾಸಿಟಿ ತುಂಬಾ ಕಮ್ಮಿ. 1 ನ್ಯಾನೊಫ್ಯಾರಡ್ ಅಂತ ಇಟ್ಕೊಳ್ಳಿ. 1 ಮೆಗಾಓಂಗೆ ಗೆರೆ 160 ಹರ್ಟ್ಸ್. ಜಿ ತಂತಿ 196ರಲ್ಲಿ ಇರೋದ್ರಿಂದ ಅದೂ ಸುಮಾರು 2 ಡೆಸಿಬೆಲ್ ಸೊರಗುತ್ತೆ. ಅದಕ್ಕೇ ಒಳ್ಳೇ ಅಕೂಸ್ಟಿಕ್ ಪ್ರಿಆಂಪ್‌ಗಳು 10 ಮೆಗಾಓಂ ಇಡೋದು, ಎಲ್.ಆರ್. ಬ್ಯಾಗ್ಸ್ ಪ್ಯಾರಾ ಡಿಐ ಹಾಗೆ. ಕೊಳ್ಳೋ ಮುಂಚೆ ಇನ್‌ಪುಟ್ ಇಂಪೀಡೆನ್ಸ್ (ಮೇಲೆ ಹೇಳಿದ ರೆಸಿಸ್ಟೆನ್ಸೇ) ಎಷ್ಟು ಅಂತ ಡಬ್ಬದ ಮೇಲೆ ಓದಿ, ಉಳಿದ ಜಾಹೀರಾತೆಲ್ಲ ಆಮೇಲೆ.

ಶಾಮಿಯಾನ_ಸೌಂಡು
ಪ್ಯಾಸಿವ್ ಡಿಐ ಸಾಕಲ್ವಾ, ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕೋ ಕರೆಂಟ್ ಬೇಡದ ಡಬ್ಬ? ಎಲ್ಲಾ ಸೌಂಡ್‌ನೋರ ಹತ್ರ ಎರಡು ಇದ್ದೇ ಇರ್ತವೆ.

ಮೆಗಾಓಂ_ಮಾವ
ಸಾಲದು. ಅದರೊಳಗಿರೋದು ಟ್ರಾನ್ಸ್‌ಫಾರ್ಮರ್, ಇನ್‌ಪುಟ್ 140 ಕಿಲೋಓಂ ಆಸುಪಾಸು.

ಕರಿಕಬ್ಬು
ನಿಮ್ಮ ಸೂತ್ರಾನೇ ಹಾಕಿ ನೋಡಿ. 20 ನ್ಯಾನೊ, 140 ಕಿಲೋ. 57 ಹರ್ಟ್ಸ್ ಬರ್ತಿದೆ. ಜಿ ತಂತಿಗಿಂತ ಎಷ್ಟೋ ಕೆಳಗೆ!

ಮೆಗಾಓಂ_ಮಾವ
ಸರಿ ಹೇಳಿದ್ರಿ, ಅವಸರ ಬಿದ್ದೆ. ದೊಡ್ಡ ಬಿಲ್ಲೆ ಆದರೆ ಪ್ಯಾಸಿವ್ ಡಿಐ ನಡೆಯುತ್ತೆ, ಸಿಗ್ನಲ್ ಮಾತ್ರ ಸಣ್ಣದಾಗುತ್ತೆ, ಮಿಕ್ಸರಿನ ಗೇನ್ ಎತ್ತಬೇಕು. ಕುದುರೆಯೊಳಗಿನ 1 ನ್ಯಾನೊ ಪೀಜೋಗೆ ಅದೇ ಡಿಐ ಹಾಕಿದರೆ ಗೆರೆ 1100 ಹರ್ಟ್ಸ್ ದಾಟುತ್ತೆ, ಮತ್ತೆ ತಗಡು. ಒಬ್ಬರಿಗೆ ಚೆನ್ನಾಗಿ ಬಂದ ಡಿಐ ಇನ್ನೊಬ್ಬರಿಗೆ ಕೆಟ್ಟದಾಗಿ ಕೇಳೋದು ಈ ಕಾರಣಕ್ಕೇ.

ಮಿಕ್ಸರಿನಲ್ಲಿ ಒಂದೆರಡು ಚಾನಲ್ ಪಕ್ಕ ಹೈ-ಝೆಡ್ ಅಥವಾ ಇನ್‌ಸ್ಟ್ರುಮೆಂಟ್ ಅನ್ನೋ ಗುಂಡಿ ಇದೆಯಾ ನೋಡಿ. ಇದ್ದರೆ ಅದು ಸಾಮಾನ್ಯವಾಗಿ 1 ಮೆಗಾಓಂ. ಬಿಲ್ಲೆಗೆ ಅದೇ ಸಾಕು, ಒಂದು ಪೈಸೆ ಖರ್ಚಿಲ್ಲ.

ಸುಮ್ನೆಕೇಳುಗ
ಇಷ್ಟೆಲ್ಲಾ ಒದ್ದಾಟ ನೋಡಿದರೆ ಪಿಟೀಲು ಚೌಡಯ್ಯನವರು ನೆನಪಾಗ್ತಾರೆ. ದನಿ ಹಿಂದಿನ ಸಾಲಿಗೆ ಮುಟ್ಟಲ್ಲ ಅಂತ 4 ತಂತಿಯ ಪಿಟೀಲಿಗೆ ಇನ್ನೂ 3 ಸೇರಿಸಿ 7 ಮಾಡಿಕೊಂಡರು. ಪಿಕಪ್ಪೂ ಇಲ್ಲ, ಡಿಐಯೂ ಇಲ್ಲ.

ಕಾಲುವೆದಂಡೆ
ನಮ್ಮ ತಿರುಮಕೂಡಲಿನವರು ಸ್ವಾಮಿ, ಎರಡು ಹೊಳೆ ಸೇರೋ ಊರು. ಸದ್ದು ಸಾಲಲ್ಲ ಅನಿಸಿದ್ದು ಸಹಜ.

ಬೀಟೆಮರ
ಮ್ಯಾಂಡೊಲಿನ್‌ನ ಜೋಡಿ ತಂತಿಯಿಂದಲೂ ಅಂಥದ್ದೇ ಲಾಭ. ಆದರೆ ಪಿಕಪ್ ಹಾಕಿದ ಮೇಲೆ ಜೋಡಿಯಲ್ಲಿ ಒಂದು ಕೂದಲೆಳೆ ಶ್ರುತಿ ತಪ್ಪಿದರೂ ಸ್ಪೀಕರಿನಲ್ಲಿ ಅಲೆ ಅಲೆಯಾಗಿ ಕೇಳುತ್ತೆ, ಎಚ್ಚರ.

ಅಂದಹಾಗೆ, ಎಲ್ಲರೂ ಪಿಕಪ್ ಬಗ್ಗೆ ಮಾತಾಡ್ತಿದ್ದೀರಿ, ಕುದುರೆ ಬಗ್ಗೆ ಯಾರೂ ಎತ್ತಲಿಲ್ಲ. ಮ್ಯಾಂಡೊಲಿನ್ ಕುದುರೆ ಅಂಟಿಸಿದ್ದಲ್ಲ, ತಂತಿಯ ಒತ್ತಡದಲ್ಲಿ ಸುಮ್ಮನೆ ನಿಂತಿರೋದು. ಪಾದ ಹಲಗೆಗೆ ಪೂರ್ತಿ ಕೂತಿಲ್ಲ ಅಂದ್ರೆ ಪೀಜೋಗೆ ಹೋಗೋ ಕಂಪನವೂ ಅರ್ಧಂಬರ್ಧ. ಒಂದು ಜೋಡಿ ಜೋರು, ಒಂದು ಜೋಡಿ ಮಂಕು ಅನ್ನೋ ದೂರಿನಲ್ಲಿ ಬಹುಪಾಲು ಇದೇ. ಪರೀಕ್ಷೆ ಸುಲಭ, ತೆಳು ಕಾಗದದ ಚೂರನ್ನ ಪಾದದ ಅಂಚಿಗೆ ತೂರಿಸಿ. ಎಲ್ಲಾದರೂ ಒಳಗೆ ಹೋಯ್ತು ಅಂದ್ರೆ ಅಲ್ಲಿ ಸಂದು ಇದೆ.

ತಿದ್ದೋದು ಹೀಗೆ. ಕುದುರೆ ಇರೋ ಜಾಗವನ್ನ ಮೊದಲು ಟೇಪಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ. ತಂತಿ ಸಡಿಲಿಸಿ ಕುದುರೆ ತೆಗೆದು, ಹಲಗೆ ಮೇಲೆ 120ರ ಉಜ್ಜುಕಾಗದವನ್ನ ಮರಳು ಮೇಲಾಗಿ ಹಾಸಿ, ಕುದುರೆಯ ಪಾದವನ್ನ ತಂತಿ ಓಡೋ ದಿಕ್ಕಿನಲ್ಲಿ ಸಣ್ಣ ಸಣ್ಣದಾಗಿ ಎಳೀರಿ, ಅಡ್ಡಡ್ಡ ಬೇಡ. ಚಕ್ರದ ಕುದುರೆಯ ಪಾದ ಒತ್ತಿದರೆ ಅಗಲಿಸಿಕೊಳ್ಳುತ್ತೆ, ಆದ್ದರಿಂದ ಬೆರಳ ತೂಕ ಹಗುರ ಇರಲಿ. ಹಲಗೆಗೆ ಬಳಪದ ಪುಡಿ ಸವರಿ ಕುದುರೆ ಇಟ್ಟು ಎತ್ತಿದರೆ ಎಲ್ಲಿ ತಾಗುತ್ತಿದೆ ಅಂತ ಕಾಣುತ್ತೆ. ಕೊನೆಗೆ 220ರಲ್ಲಿ ಮುಗಿಸಿ. ವಾಪಸ್ ಇಡುವಾಗ ನಟ್‌ನಿಂದ (ತಲೆ ಕಡೆ ತಂತಿ ಕೂರೋ ಪಟ್ಟಿ) 12ನೇ ಮೆಟ್ಟಿನವರೆಗೆ ಎಷ್ಟು ದೂರವೋ ಅಲ್ಲಿಂದ ಕುದುರೆಗೆ ಅಷ್ಟೇ, ಜೊತೆಗೆ ಕೂದಲಷ್ಟು ಹೆಚ್ಚು. ಬಹಳಷ್ಟು ಮ್ಯಾಂಡೊಲಿನ್‌ಗಳಲ್ಲಿ ತಂತಿಯ ಉದ್ದ 352 ಮಿಲಿಮೀಟರ್ ಆಸುಪಾಸು, ಅರ್ಧ 176. ಕಣ್ಣಿಗಿಂತ ಕಿವಿ ನಂಬಿ, 12ನೇ ಮೆಟ್ಟಿನ ಸ್ವರವೂ ಅಲ್ಲೇ ಮುಟ್ಟಿ ನುಡಿಸಿದ ಹಾರ್ಮೋನಿಕ್ಕೂ ಒಂದಾಗಬೇಕು.

ಒಂಟಿಕೊಪ್ಪಲ್_ಎಂಟುತಂತಿ
ಕಾಗದ ತೂರಿಸಿದೆ. ಜಿ ತಂತಿ ಕಡೆಯ ಪಾದಕ್ಕೆ ಆರಾಮವಾಗಿ ಹೋಗ್ತಿದೆ! ಮೊದಲು ಅದೇ ಕೆಲಸ. ಬಿಲ್ಲೆ ಯಾವುದು ತರಲಿ, ಎಲ್ಲಿ ಅಂಟಿಸಲಿ?

ಮೆಗಾಓಂ_ಮಾವ
ಸಿದ್ಧವಾಗಿ ಬೇಕಂದ್ರೆ ಕೆ ಅಂಡ್ ಕೆ ಮ್ಯಾಂಡೊಲಿನ್ ಟ್ವಿನ್ ಅಂತ ಎರಡು ಸೆನ್ಸರಿನದ್ದಿದೆ. ಕೈಯಾರೆ ಮಾಡೋದಾದರೆ ಬಿಲ್ಲೆಗೆ ಹತ್ತಿಪ್ಪತ್ತು ರೂಪಾಯಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದಷ್ಟು ಸಿಗುತ್ತೆ. 27 ಮಿಲಿಮೀಟರಿನದ್ದು ತರಬೇಡಿ. ಹಲಗೆ ಉಬ್ಬು, ದೊಡ್ಡ ಬಿಲ್ಲೆ ಚಪ್ಪಟೆ, ಒತ್ತಿ ಕೂರಿಸಿದರೆ ಮೇಲಿನ ಬಿಳಿ ಪಿಂಗಾಣಿ ಬಿರಿಯುತ್ತೆ. 20 ಮಿಲಿಮೀಟರಿನವು ಎರಡು ತಂದು ಪ್ಯಾರಲಲ್ ಸೇರಿಸಿ, ಕೆಪಾಸಿಟಿ ಕೂಡಿಕೊಂಡು ಒಂದು ದೊಡ್ಡ ಬಿಲ್ಲೆಯಷ್ಟಾಗುತ್ತೆ.

ಬೆಸುಗೆ ಹಾಕುವಾಗ ಪಿಂಗಾಣಿ ಮೇಲೆ ಕಾವು ಒಂದೆರಡು ಸೆಕೆಂಡು ಮಾತ್ರ. ಹೆಚ್ಚಾದರೆ ಬೆಳ್ಳಿ ಪದರ ಎದ್ದು ಬರುತ್ತೆ. ಎರಡಕ್ಕೂ ಹಿತ್ತಾಳೆ ಬದಿ ಗ್ರೌಂಡ್, ಎರಡೂ ಹಿತ್ತಾಳೆ ಮರದ ಕಡೆಗೇ. ಒಂದು ತಿರುಗುಮುರುಗು ಆಯ್ತೋ, ಒಂದರ ಸಿಗ್ನಲ್ ಇನ್ನೊಂದನ್ನ ತಿಂದು ಜೊಳ್ಳು ಸದ್ದು ಉಳಿಯುತ್ತೆ. ತಂತಿ ತೆಳ್ಳನೆಯ ಶೀಲ್ಡ್ ಕೇಬಲ್ಲೇ ಆಗಬೇಕು. ಬಿಳಿ ಬದಿಗೆ ಇನ್ಸುಲೇಶನ್ ಟೇಪ್ ಹಾಕಿ, ಅದರ ಮೇಲೆ ತಾಮ್ರದ ಟೇಪ್ ಹೊದಿಸಿ ಗ್ರೌಂಡಿಗೆ ಸೇರಿಸಿ. ಇದನ್ನ ಬಿಟ್ಟವರೇ ಪೀಜೋ ಗುಂಯ್‌ಗುಡುತ್ತೆ ಅಂತ ದೂರೋದು.

ಬೀಟೆಮರ
ಅಂಟಿಸೋ ವಿಷಯಕ್ಕೆ ನಾನು. ಕುದುರೆ ಪಾದದ ಅಡಿಯಲ್ಲಿ, ಅಂದ್ರೆ ಮರಕ್ಕೂ ಪಾದಕ್ಕೂ ಮಧ್ಯೆ ಯಾವತ್ತೂ ಇಡಬೇಡಿ. ಕುದುರೆ ವಾಲುತ್ತೆ, ವಾದ್ಯದ ದನಿಯೂ ಸಾಯುತ್ತೆ. ಸರಿಯಾದ ಜಾಗ ಹಲಗೆಯ ಒಳಮೈ, ಪಾದದ ನೇರ ಕೆಳಗೆ. ಎಫ್ ತೂತಿನಲ್ಲಿ ಬೆರಳು ಹೋಗಲ್ಲ, ಬಗ್ಗಿಸಿದ ಕಡ್ಡಿ ತುದಿಗೆ ಬಿಲ್ಲೆ ಸಿಕ್ಕಿಸಿ, ಹಲ್ಲಿನ ಡಾಕ್ಟರ ಥರದ ಪುಟ್ಟ ಕನ್ನಡಿ ಹಿಡಿದು ಮಾಡಬೇಕು. ಮೊದಲ ಸಲಕ್ಕೆ ಹೊರಗೇ ಪರೀಕ್ಷೆ ಮಾಡಿ, ಪಾದದಿಂದ ಒಂದು ಸೆಂಟಿಮೀಟರ್ ದೂರ, ತೆಳು ಡಬಲ್ ಟೇಪು. ಸ್ಪಂಜಿನ ದಪ್ಪ ಟೇಪು ಕಂಪನವನ್ನೆಲ್ಲ ಕುಡಿದುಬಿಡುತ್ತೆ. ಹಳೇ ಪಾಲಿಶ್ ಇರೋ ವಾದ್ಯ ಆದರೆ ಟೇಪು ರಾತ್ರಿಯೆಲ್ಲ ಬಿಡಬೇಡಿ, ಕಿತ್ತಾಗ ಪಾಲಿಶೂ ಬರುತ್ತೆ. ಜಾಗ ಗೊತ್ತಾದ ಮೇಲೆ ಒಳಗೆ ಜೆಲ್ ರೂಪದ ಸೂಪರ್ ಗ್ಲೂ, ಎರಡು ಹನಿ. ನೀರಿನಂಥದ್ದು ಸೋರಿ ಹೊರಗೆ ಬಂದರೆ ಮೈ ಹಾಳು.

ಕರಿಕಬ್ಬು
ಜ್ಯಾಕ್ ಎಲ್ಲಿ ಇಡೋದು? ಕೊರೆಯಂಗಿಲ್ಲ ಅಂದಿದಾರೆ.

ಬೀಟೆಮರ
ಪಿಟೀಲಿನ ಗದ್ದದ ಹಲಗೆ ಸಿಕ್ಕಿಸೋ ಥರ ತಿರುಪಿನಿಂದ ಅಂಚಿಗೆ ಕಚ್ಚಿಕೊಳ್ಳೋ ಜ್ಯಾಕ್ ಸಿಗುತ್ತೆ, ಕಾರ್ಪೆಂಟರ್ ಜ್ಯಾಕ್ ಅಂತಾರೆ. ಮೈಗೆ ತಾಗೋ ಕಡೆ ಕಾರ್ಕ್ ಇರಲೇಬೇಕು. ಕೇಬಲನ್ನ ಎಫ್ ತೂತಿಂದ ಹೊರಗೆ ತಂದು ಅಂಚಿಗೆ ಕಟ್ಟಿಬಿಡಿ, ಹಲಗೆ ಮೇಲೆ ಜೋತಾಡಿದರೆ ಪಟಪಟ ಸದ್ದು. ಮುಂದೆ ಯಾವತ್ತಾದರೂ ಬಾಲದ ಗುಂಡಿ ಜಾಗದಲ್ಲಿ ಜ್ಯಾಕ್ ಹಾಕಿಸೋದಾದರೆ 12 ಮಿಲಿಮೀಟರ್ ತೂತು ಬೇಕು, ಅದನ್ನ ಡ್ರಿಲ್‌ನಲ್ಲಿ ಒಂದೇಟಿಗೆ ಹೊಡೆಸಬೇಡಿ, ಒಳಗಿನ ಮರದ ದಿಮ್ಮಿ ಸೀಳುತ್ತೆ. ರೀಮರ್‌ನಲ್ಲಿ ಕೈಯಾರೆ ಹಿಗ್ಗಿಸೋರ ಹತ್ತಿರ ಮಾತ್ರ ಕೊಡಿ.

ಕಾಲುವೆದಂಡೆ
ಇನ್ನೊಂದು ವಿಷಯ. ಪೆಂಡಾಲಲ್ಲಿ ಜನರೇಟರ್ ಹಾಕಿದಾಗ ಹಮ್ ಬಂದರೆ ಆಂಪ್ಲಿಫೈಯರ್ ಪ್ಲಗ್‌ನ ಅರ್ಥಿಂಗ್ ಕಡ್ಡಿ ತೆಗೆದುಬಿಡಿ, ಹೋಗುತ್ತೆ.

ಶಾಮಿಯಾನ_ಸೌಂಡು
ಅಣ್ಣ, ಇಂಥ ಮಾತು ಬರೀಬ್ಯಾಡಿ. ಹಮ್ ಹೋಯ್ತದೆ, ಜೀವಾನೂ ಹೋಯ್ತದೆ. ತಂತಿ ಮುಟ್ಟಿರೋ ಕೈ, ಮೈಕಿಗೆ ತಾಗೋ ತುಟಿ, ಮಳೆ ಬಿದ್ದ ನೆಲ. ಡಿಐ ಮೇಲೆ ಗ್ರೌಂಡ್ ಲಿಫ್ಟ್ ಗುಂಡಿ ಇರೋದೇ ಅದಕ್ಕೆ. ಅದು ಸಿಗ್ನಲ್ ಗ್ರೌಂಡ್ ಬುಡಿಸ್ತದೆ, ಕರೆಂಟಿನ ಅರ್ಥ್ ಹಂಗೇ ಉಳೀತದೆ. ಮಿಕ್ಸರ್ರು, ಕೀಬೋರ್ಡು, ಪ್ರಿಆಂಪ್ ಎಲ್ಲಾ ಒಂದೇ ಬೋರ್ಡಿಂದ ಕರೆಂಟ್ ತಗಳ್ಳಿ, ಅರ್ಧ ಹಮ್ ಅಲ್ಲೇ ನಿಲ್ತದೆ. ಸೀರಿಯಲ್ ಸೆಟ್ ಲೈಟಿನ ವೈರು ಸಿಗ್ನಲ್ ಕೇಬಲ್ ಜೊತೆ ಸುತ್ತಿರ್ತಾರೆ, ಅದನ್ನೂ ಬುಡಿಸಿ.

ಕಾಲುವೆದಂಡೆ
ಸರಿ, ವಾಪಸ್ ತಗೊಂಡೆ.

ಶಾಮಿಯಾನ_ಸೌಂಡು
ಈಗ ಮಿಕ್ಸರ್ ಮಾತು. ಲೋ ಕಟ್ 150 ಹರ್ಟ್ಸ್‌ಗೆ, ಜಿ 196 ಅಂದ್ರಲ್ಲ, ಅದಕ್ಕಿಂತ ಕೆಳಗೆ ಬರೋದೆಲ್ಲ ಕೈ ತಾಗಿದ್ದು, ಸ್ಟೇಜ್ ಗುಡುಗಿದ್ದು. ಹಾಡೋರ ಶ್ರುತಿಗೆ ಅಂತ ತಂತಿ ಇಳ್ಸಿದ್ರೆ 120ಕ್ಕೆ ತನ್ನಿ. ಗುಂಯ್ ಅನ್ನೋ ಫೀಡ್‌ಬ್ಯಾಕ್ ಹೆಚ್ಚಾಗಿ 200ರಿಂದ 300ರೊಳಗೆ, ಮೈಯೊಳಗಿನ ಗಾಳಿ ಅದು. ಪ್ಯಾರಾಮೆಟ್ರಿಕ್ (ಯಾವ ಹರ್ಟ್ಸ್, ಎಷ್ಟು ಅಗಲ ಅಂತ ಆರಿಸೋ ಗುಂಡಿಗಳು) ಇದ್ರೆ ಕಿರಿದಾಗಿ ಇಟ್ಟು ಹುಡುಕಿ ಕತ್ತರಿಸಿ, ಅಗಲವಾಗಿ ಕತ್ತರಿಸುದ್ರೆ ವಾದ್ಯ ಬಡವಾಯ್ತದೆ. ಪೀಜೋ ಕ್ವಾಕ್ ಕ್ವಾಕ್ ಅನ್ನೋದು 1.5ರಿಂದ 2.5 ಕಿಲೋಹರ್ಟ್ಸ್, 3-4 ಡೆಸಿಬೆಲ್ ಇಳಿಸಿ. ಇಷ್ಟಾದ್ರೂ ಕೂಗುದ್ರೆ ಸಿಗ್ನಲ್ ಉಲ್ಟಾ ಮಾಡೋ ಫೇಸ್ ಗುಂಡಿ ಒತ್ತಿ ನೋಡಿ, ಮಾನಿಟರ್ ಹತ್ರ ಇದ್ದಾಗ ಭಾಳ ಸಲ ಅದೊಂದೇ ಸಾಕು.

ಬೀಟೆಮರ
ಕುದುರೆ ಹಿಂದೆ, ಬಾಲದ ಕಡೆ ಉಳಿಯೋ ತಂತಿ ತುಂಡುಗಳು ತಾವಾಗೇ ಝೇಂಕರಿಸ್ತವೆ. ಪೀಜೋ ಅದನ್ನೂ ಬಿಡಲ್ಲ. ಒಂದು ಪಟ್ಟಿ ಫೆಲ್ಟೋ ಚರ್ಮವೋ ಮೇಲೆ ಕೆಳಗೆ ಹೆಣೆದಹಾಗೆ ತೂರಿಸಿ. ಮೈಕಿಗೆ ಅಷ್ಟು ಗೊತ್ತಾಗಲ್ಲ, ಪೀಜೋಗೆ ಹಗಲು ರಾತ್ರಿ ವ್ಯತ್ಯಾಸ.

ಚಾಮುಂಡಿಪಾದ
ಇಷ್ಟೆಲ್ಲಾ ಕತ್ತರಿಸಿ, ತೂರಿಸಿ, ಕಡೆಗೆ ಉಳಿಯೋದು ಮ್ಯಾಂಡೊಲಿನ್ನೇನಾ ಅಂತ ನನ್ನ ಪ್ರಶ್ನೆ 🙂

ಶಾಮಿಯಾನ_ಸೌಂಡು
ಕೇಳ್ಸೋ ಮ್ಯಾಂಡೊಲಿನ್ನು ಸಾರ್.

ಕರಿಕಬ್ಬು
ಹೈ-ಝೆಡ್ ಇರೋ ಮಿಕ್ಸರ್ ಸಿಗದ ಕಡೆಗೆ ಪುಟ್ಟ ಬಫರ್ (ಮೆಗಾಓಂ ಇನ್‌ಪುಟ್ ಕೊಡೋ ಸರ್ಕ್ಯೂಟ್) ಮಾಡಿಕೊಂಡರೆ ಸಾಕಾ? ಒಂದು ಫೆಟ್ ಟ್ರಾನ್ಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ.

ಮೆಗಾಓಂ_ಮಾವ
ಸಾಕು, ಆದರೆ ಗೇಟನ್ನ ಬರೀ ಗ್ರೌಂಡಿಗೆ ಕಟ್ಟೋ ಸರಳ ಸರ್ಕ್ಯೂಟ್ ಬೇಡ. ಕೆಲವು ಫೆಟ್‌ಗಳಲ್ಲಿ ಸೋರ್ಸ್ ಒಂದು ವೋಲ್ಟಿಗಿಂತ ಕೆಳಗೇ ನಿಲ್ಲುತ್ತೆ, ಜೋರಾಗಿ ಮೀಟಿದ ಕೂಡಲೇ ಒಡಕು. ನಾನಾದರೆ ಟಿಎಲ್072 ಅನ್ನೋ ಆಪ್‌ಆಂಪ್ ಐಸಿ ಹಾಕ್ತೀನಿ. ಬ್ಯಾಟರಿಯ ಅರ್ಧ ವೋಲ್ಟನ್ನ ಎರಡು 100 ಕಿಲೋಓಂನಿಂದ ಮಾಡಿ, ಆ ನಡುಬಿಂದುವಿಂದ ಗ್ರೌಂಡಿಗೆ ಒಂದು 10 ಮೈಕ್ರೊಫ್ಯಾರಡ್. ಅಲ್ಲಿಂದ 10 ಮೆಗಾಓಂ ಮೂಲಕ ಪಾಸಿಟಿವ್ ಇನ್‌ಪುಟ್‌ಗೆ. ಬಿಲ್ಲೆ 0.1 ಮೈಕ್ರೊಫ್ಯಾರಡ್ ದಾಟಿ ಅದೇ ಇನ್‌ಪುಟ್‌ಗೆ. ನೆಗೆಟಿವ್ ಇನ್‌ಪುಟ್ಟನ್ನ ಔಟ್‌ಪುಟ್‌ಗೆ ನೇರ ಸೇರಿಸಿ, ಹೊರಗೆ 10 ಮೈಕ್ರೊಫ್ಯಾರಡ್, ಜೊತೆಗೆ 100 ಓಂ. ಐಸಿಯ ಇನ್ನೊಂದು ಅರ್ಧವನ್ನ ಗಾಳಿಗೆ ಬಿಡದೆ ಅದರ ನೆಗೆಟಿವನ್ನೂ ಅದರ ಔಟ್‌ಪುಟ್‌ಗೆ, ಪಾಸಿಟಿವನ್ನ ನಡುಬಿಂದುವಿಗೆ ಕಟ್ಟಿ. ಡಬ್ಬ ಲೋಹದ್ದೇ ಆಗಬೇಕು. ಸ್ಟೀರಿಯೊ ಜ್ಯಾಕಿನ ರಿಂಗ್‌ಗೆ ಬ್ಯಾಟರಿ ನೆಗೆಟಿವ್ ಕೊಟ್ಟರೆ ಕೇಬಲ್ ಕಿತ್ತಾಗ ತಾನೇ ಆಫ್. ಕೀಳೋದು ಮರೆತರೆ ಮುಂದಿನ ಶನಿವಾರಕ್ಕೆ ಬ್ಯಾಟರಿ ಸತ್ತಿರುತ್ತೆ.

ಒಂಟಿಕೊಪ್ಪಲ್_ಎಂಟುತಂತಿ
ಹಾಗಾದ್ರೆ ನನ್ನ ಕ್ರಮ: ಕುದುರೆ ಪಾದ ಉಜ್ಜೋದು, 20ರ ಎರಡು ಬಿಲ್ಲೆ ಹೊರಗೆ ಟೇಪಿನಲ್ಲಿ, ಕಚ್ಚೋ ಜ್ಯಾಕ್, ಬಫರ್. ಉಳಿದ ದುಡ್ಡಿಗೆ ಪ್ಯಾರಾಮೆಟ್ರಿಕ್ ಇರೋ ಸೆಕೆಂಡ್ ಹ್ಯಾಂಡ್ ಪ್ರಿಆಂಪ್ ಹುಡುಕ್ತೀನಿ. ಎರಡು ಬಿಲ್ಲೆಯಲ್ಲಿ ಒಂದೇ ಅಂಟಿಸಿ ನೋಡೋದಾದರೆ ಯಾವ ಪಾದದ ಕಡೆ?

ಬೀಟೆಮರ
ಇ ತಂತಿ ಕಡೆ ಚುರುಕು, ಜಿ ಕಡೆ ತುಂಬು ಆದರೆ ಬೇಗ ಕೂಗುತ್ತೆ. ಪೆಂಡಾಲಿಗೆ ಇ ಕಡೆಯಿಂದ ಶುರು ಮಾಡಿ. ಉಜ್ಜುವಾಗ ಎಲ್ಲಾ ತಂತಿ ಒಟ್ಟಿಗೆ ಬಿಚ್ಚಬೇಕಾಗುತ್ತೆ, ಟೇಪಿನ ಗುರುತು ಮರೀಬೇಡಿ.

ಸುಮ್ನೆಕೇಳುಗ
ಗುರುತು ಹಾಕದೆ ಕುದುರೆ ಬಿಚ್ಚಿದರೆ ಅದು ಓಡಿಹೋಗುತ್ತೆ, ಹೆಸರೇ ಕುದುರೆ ತಾನೆ.